ಗಿರಣಿ ಮೇಲಿನ ಸ್ಟುಡಿಯೋ: ಸುಮ್ನೆ ಸುಮ್ನೆ ಆಫ್ ಆಗುತ್ತಿದ್ದ ಒಂದು ಕಂಪ್ಯೂಟರಿನ ಪ್ರಕರಣ

ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ ಅನ್ನುವುದು ರಿಪೇರಿ ಮಾಡುವವರಿಗೆ ದಿನಬೆಳಗಾದರೆ ಬರುವ ದೂರು. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ) ಬದಲಿಸಿದರೆ ಜಾಸ್ತಿ ಸಲ ಕತೆ ಮುಗಿಯುತ್ತದೆ. ಈ ಪ್ರಕರಣದಲ್ಲೂ ಎಸ್‌ಎಂಪಿಎಸ್ ಬದಲಿಸಿದೆವು. ಬದಲಿಸಿದ್ದು ಸರಿಯೂ ಆಗಿತ್ತು. ಆದರೂ ಸಿಸ್ಟಮ್ ಆಫ್ ಆಗುವುದು ನಿಲ್ಲಲಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಇದೆ. ಊರು, ಹೆಸರು, ಅಂಗಡಿ ಯಾವುದನ್ನೂ ಹೇಳುವುದಿಲ್ಲ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರ. ಹಳೇ ಕಟ್ಟಡ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಫೋಟೋ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣದ ಫೋಟೋ ಮತ್ತು ವಿಡಿಯೋ ಇವರ ಕೆಲಸ. ಎಡಿಟಿಂಗನ್ನು ಮಾಲೀಕರೇ ಮಾಡುತ್ತಾರೆ.

ಸಿಸ್ಟಮ್ 2021ರಲ್ಲಿ ಜೋಡಿಸಿದ್ದು. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು, ಊರಿನ ಅಂಗಡಿಯಲ್ಲಿ ಕೂಡಿಸಿದ್ದರು. 8 ಕೋರಿನ ಪ್ರೊಸೆಸರ್, 32 ಜಿಬಿ ರ‍್ಯಾಮ್, ಒಳ್ಳೆ ಕಂಪನಿಯ 650 ವ್ಯಾಟ್ ಎಸ್‌ಎಂಪಿಎಸ್, 125 ವ್ಯಾಟಿನ ಸಾಧಾರಣ ಗ್ರಾಫಿಕ್ಸ್ ಕಾರ್ಡ್. ಜೊತೆಗೆ 600 ವಿಎ ಯುಪಿಎಸ್. ಹೀಗೇ ಎರಡು ವರ್ಷ ಓಡಿತು. ಒಂದು ದಿನವೂ ತೊಂದರೆ ಇರಲಿಲ್ಲ ಅನ್ನುತ್ತಾರೆ ಮಾಲೀಕರು. ಈ ಮಾತು ಪೂರ್ತಿ ನಿಜವಲ್ಲ ಅಂತ ಆಮೇಲೆ ಗೊತ್ತಾಯಿತು.

2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಅನ್ನುವ ಡಿಜಿಟಲ್ ಹಣದ ಜಾಲ ತನ್ನ ಪದ್ಧತಿ ಬದಲಿಸಿತು. ಗ್ರಾಫಿಕ್ಸ್ ಕಾರ್ಡಿನಲ್ಲಿ ಅದನ್ನು ಮೈನಿಂಗ್ ಮಾಡುವುದು, ಅಂದರೆ ಲೆಕ್ಕ ಹಾಕಿಸಿ ಆ ಹಣ ಗಳಿಸುವುದು, ಅಲ್ಲಿಗೆ ನಿಂತಿತು. ಅದುವರೆಗೆ ಕೈಗೆ ಸಿಗದಿದ್ದ ದೊಡ್ಡ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಬಜಾರಿಗೆ ಬಂದವು. ನಮ್ಮ ಸ್ಟುಡಿಯೋದವರೂ ಅಂಥ ಒಂದು ಕಾರ್ಡ್ ತಂದರು. 320 ವ್ಯಾಟಿನದು. ಅದಕ್ಕೆ ಕಡಿಮೆ ಅಂದರೂ 750 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಅಂತ ತಯಾರಕರೇ ಹೇಳಿದ್ದಾರೆ. ಅಂಗಡಿಯವರು ಲೆಕ್ಕ ಹಾಕಿ, "650ರಲ್ಲೇ ನಡೆಯುತ್ತೆ ಅಣ್ಣ, ಸುಮ್ನೆ ಯಾಕೆ ಖರ್ಚು" ಅಂದರು. ಲೆಕ್ಕವೇನೋ ತಪ್ಪಿರಲಿಲ್ಲ. ಅವರು ಕೂಡಿದ್ದು ಸರಾಸರಿ ವ್ಯಾಟನ್ನು, ಅಷ್ಟೆ.

ಸಮಸ್ಯೆ ಶುರುವಾದ ಬಗೆ

ಕಾರ್ಡ್ ಹಾಕಿದ ರಾತ್ರಿಯೇ ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ (ಎಡಿಟ್ ಮಾಡಿದ್ದನ್ನು ಒಂದೇ ಫೈಲ್ ಮಾಡಿ ತೆಗೆಯುವಾಗ) ಸಿಸ್ಟಮ್ ಆಫ್ ಆಯಿತು. ವಿಂಡೋಸ್ ಕೈಚೆಲ್ಲಿದಾಗ ಬರುವ ನೀಲಿ ಪರದೆ ಬರಲಿಲ್ಲ. ಎಚ್ಚರಿಕೆಯೂ ಇಲ್ಲ. ಕೆಲವು ದಿನ ಹೀಗೇ ನಡೆಯಿತು. ಅಷ್ಟರಲ್ಲಿ ಯುಪಿಎಸ್ ಕೂಡ ಓವರ್‌ಲೋಡ್ ಅಂತ ಕಿರುಚಲು ಶುರು ಮಾಡಿತು. 600 ವಿಎ ಅಂದರೆ ನಿಜವಾಗಿ ಕೊಡಬಲ್ಲದ್ದು 360 ವ್ಯಾಟ್ ಆಸುಪಾಸು. ಹೊಸ ಕಾರ್ಡೊಂದೇ 320 ವ್ಯಾಟ್ ತಿನ್ನುತ್ತದೆ. "ಇದೇ ಕಳ್ಳ" ಅಂತ ಯುಪಿಎಸ್ ತೆಗೆದು, ಸಿಸ್ಟಮನ್ನು ನೇರವಾಗಿ ಗೋಡೆಯ ಬೋರ್ಡಿಗೆ ಹಾಕಿದರು. ಆಫ್ ಆಗುವುದು ನಿಲ್ಲಲಿಲ್ಲ. ಬದಲಿಗೆ ಜಾಸ್ತಿ ಆಯಿತು.

ಅಂಗಡಿಯವರು ಸಿಸ್ಟಮ್ ಒಯ್ದು ತಮಗೆ ತಿಳಿದದ್ದೆಲ್ಲ ಮಾಡಿದರು. ರ‍್ಯಾಮ್ ತೆಗೆದು ಒರೆಸಿ ಹಾಕಿದರು. ಥರ್ಮಲ್ ಪೇಸ್ಟ್ ಹೊಸದು ಹಚ್ಚಿದರು. ವಿಂಡೋಸ್ ಮತ್ತೆ ಹಾಕಿದರು. ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರಿನಲ್ಲಿ ಹಸಿರು ವೈರನ್ನೂ ಕಪ್ಪು ವೈರನ್ನೂ ಪಿನ್ನಿನಿಂದ ಸೇರಿಸಿ ನೋಡಿದರು. ಫ್ಯಾನ್ ತಿರುಗಿತು. "ಎಸ್‌ಎಂಪಿಎಸ್ ಓಕೆ" ಅಂತ ತೀರ್ಮಾನ ಆಯಿತು. ಆಮೇಲೆ ಕಾರ್ಡನ್ನು ಪರೀಕ್ಷಿಸುವ ಫರ್‌ಮಾರ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿ ಒಂದು ಗಂಟೆ ಓಡಿಸಿದರು. ಕಾರ್ಡ್ ಬಿಸಿಯಾಯಿತು, ಸಿಸ್ಟಮ್ ಅಲುಗಲಿಲ್ಲ. "ನಮ್ಮಲ್ಲಿ ಸರಿ ಇದೆ, ನಿಮ್ಮ ಕರೆಂಟೇ ಸರಿ ಇಲ್ಲ" ಅಂತ ವಾಪಸ್ ಕಳಿಸಿದರು.

ಇಲ್ಲಿ ಎರಡು ಮಾತು ಹೇಳಬೇಕು. ಪಿನ್ ಹಾಕಿ ನೋಡುವುದರಿಂದ ಎಸ್‌ಎಂಪಿಎಸ್ ಶುರುವಾಗುತ್ತದೆ ಅನ್ನುವುದಷ್ಟೇ ತಿಳಿಯುತ್ತದೆ. ಲೋಡ್ ಹೊರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಫರ್‌ಮಾರ್ಕ್‌ನದೂ ಹಾಗೇ. ಅದು ಕಾರ್ಡಿನ ಮೇಲೆ ಒಂದೇ ಸಮನೆ ಭಾರ ಹಾಕುತ್ತದೆ. ನಿಜವಾದ ಎಡಿಟಿಂಗಿನಲ್ಲಿ ಹಾಗಾಗುವುದಿಲ್ಲ. ಭಾರ ಕ್ಷಣಕ್ಷಣಕ್ಕೂ ಏರುತ್ತದೆ, ಇಳಿಯುತ್ತದೆ. ಈ ಏರಿಳಿತವೇ ಮುಖ್ಯ. ಅದಕ್ಕೆ ಮುಂದೆ ಬರುತ್ತೇನೆ.

ನನ್ನ ಕೈಗೆ ಬಂದಾಗ

ಮಾಲೀಕರು ಫೋನಿನಲ್ಲಿ "ಸರ್, ಆಫ್ ಆಗ್ತಿದೆ" ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆ: ಆಫ್ ಆದಮೇಲೆ ಮತ್ತೆ ಹೇಗೆ ಆನ್ ಆಗುತ್ತದೆ? ಅವರು ಸ್ವಲ್ಪ ಯೋಚಿಸಿ, "ಬಟನ್ ಒತ್ತಿದ್ರೆ ಆಗಲ್ಲ ಸರ್. ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕ್ಬೇಕು" ಅಂದರು. ಆಗ ಮಾನಿಟರ್? "ಅದು ಆನ್ ಆಗೇ ಇರುತ್ತೆ. ನೋ ಸಿಗ್ನಲ್ ಅಂತ ತೋರಿಸುತ್ತೆ."

ಇದು ತುಂಬ ಬೆಲೆ ಬಾಳುವ ಉತ್ತರ. ಮಾನಿಟರ್ ಮತ್ತು ಸಿಸ್ಟಮ್ ಒಂದೇ ಬೋರ್ಡಿನಲ್ಲಿದ್ದವು. ಮಾನಿಟರ್ ಉಳಿದಿದೆ ಅಂದರೆ ಗೋಡೆಯಿಂದ ಕರೆಂಟ್ ಬರುತ್ತಲೇ ಇದೆ. ಬಟನ್ನಿಗೆ ಜಗ್ಗದೆ, ಹಿಂದಿನ ಸ್ವಿಚ್ ಆಫ್ ಮಾಡಿದ ಮೇಲಷ್ಟೇ ಏಳುತ್ತದೆ ಅಂದರೆ ಎಸ್‌ಎಂಪಿಎಸ್ ತಾನಾಗಿ ಬಾಗಿಲು ಹಾಕಿಕೊಂಡಿದೆ. ಮಿತಿ ಮೀರಿದ ಕರೆಂಟ್ ಕಂಡರೆ ಅದರ ರಕ್ಷಣಾ ಸರ್ಕ್ಯೂಟ್ ಹೀಗೆ ಮಾಡುತ್ತದೆ. ಒಮ್ಮೆ ಬಂದ್ ಮಾಡಿಕೊಂಡರೆ ರೀಸೆಟ್ ಆಗುವ ತನಕ ಹಾಗೇ ಕೂರುತ್ತದೆ. ಪ್ರೊಸೆಸರ್ ಬಿಸಿ, ರ‍್ಯಾಮ್ ದೋಷ, ವಿಂಡೋಸ್ ಗೋಳು, ಯಾವುದಕ್ಕೂ ಈ ಲಕ್ಷಣ ಹೊಂದುವುದಿಲ್ಲ.

ಸ್ಟುಡಿಯೋಗೆ ಹೋದೆ. ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ಎಕ್ಸ್‌ಪೋರ್ಟ್ ಶುರು ಮಾಡಿಸಿದೆ. ಗೋಡೆಯಿಂದ ಎಳೆಯುತ್ತಿದ್ದದ್ದು 470ರಿಂದ 490 ವ್ಯಾಟ್. 650ರ ಎಸ್‌ಎಂಪಿಎಸ್‌ಗೆ ಇದೇನೂ ದೊಡ್ಡದಲ್ಲ. ಹಾಗಾದರೆ ಯಾಕೆ ಟ್ರಿಪ್ ಆಗುತ್ತದೆ?

ಮೀಟರ್ ತೋರಿಸುವುದು ಸರಾಸರಿ. ಈ ಪೀಳಿಗೆಯ ದೊಡ್ಡ ಕಾರ್ಡುಗಳು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಎಳೆದು ಬಿಡುತ್ತವೆ. ಮೀಟರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟಿನ ಕಣ್ಣಿಗೆ ಬೀಳುತ್ತದೆ. 2022ರಲ್ಲಿ ಬಂದ, ಎಸ್‌ಎಂಪಿಎಸ್‌ಗಳ ಎಟಿಎಕ್ಸ್ 3.0 ಮಾನದಂಡದಲ್ಲಿ ಇದಕ್ಕೆಂದೇ ನಿಯಮ ಸೇರಿಸಿದರು: ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೋಸೆಕೆಂಡಿನ ಮಟ್ಟಿಗೆ ತಮ್ಮ ಶಕ್ತಿಯ ಎರಡು ಪಟ್ಟು ಭಾರ ತಡೆಯಬೇಕು. ಇವರದ್ದು ಅದಕ್ಕೂ ಹಿಂದಿನದು.

ಊಹೆ ಚೆನ್ನಾಗಿತ್ತು. ಆದರೆ ಊಹೆಯ ಮೇಲೆ ಗಿರಾಕಿಯಿಂದ ಹತ್ತು ಸಾವಿರ ಖರ್ಚು ಮಾಡಿಸುವುದು ನನಗೆ ಆಗದ ಮಾತು. ಮೊದಲು ದುಡ್ಡಿಲ್ಲದ ಪ್ರಯೋಗಗಳನ್ನು ಮಾಡಿದೆವು.

ಕಾರ್ಡಿಗೆ ಎರಡು 8 ಪಿನ್ ಕನೆಕ್ಟರ್ ಬೇಕು. ಅಂಗಡಿಯವರು ಒಂದೇ ಕೇಬಲಿನ ತುದಿಯಲ್ಲಿದ್ದ ಎರಡು ಕನೆಕ್ಟರನ್ನು ಹಾಕಿದ್ದರು. ಒಂದೊಂದು 8 ಪಿನ್‌ಗೆ 150 ವ್ಯಾಟ್ ಲೆಕ್ಕ, ಮದರ್‌ಬೋರ್ಡಿನ ಸ್ಲಾಟಿನಿಂದ 75 ಸಿಗುತ್ತದೆ. ಅಷ್ಟೂ ಭಾರವನ್ನು ಒಂದೇ ಕೇಬಲಿನಲ್ಲಿ ಎಳೆಯುವುದು ಒಳ್ಳೆಯದಲ್ಲ. ಎರಡು ಬೇರೆ ಬೇರೆ ಕೇಬಲ್ ಹಾಕಿದೆ. ಹೀಗೇ ಇರಬೇಕಾದ್ದು, ಆದರೆ ರೋಗ ವಾಸಿಯಾಗಲಿಲ್ಲ. ಆ ಸಂಜೆಯೇ ಮತ್ತೆ ಆಫ್ ಆಯಿತು.

ಆಮೇಲೆ ಕಾರ್ಡಿನ ಪವರ್ ಲಿಮಿಟನ್ನು ಸಾಫ್ಟ್‌ವೇರಿನಲ್ಲಿ 75 ಪರ್ಸೆಂಟಿಗೆ ಇಳಿಸಿದೆ. ಅಂದರೆ 240 ವ್ಯಾಟ್. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಯಿತು, ಆದರೆ ಬಟನ್ನಿಗೆ ಏಳದ ಆ ಸ್ಥಿತಿ ಮತ್ತೆ ಬರಲಿಲ್ಲ. ಮಿತಿ ತೆಗೆದರೆ ಬಂತು. ಹಾಕಿದರೆ ಹೋಯಿತು. ಒಂದೇ ಸಂಗತಿಯನ್ನು ಬದಲಿಸಿ, ರೋಗವನ್ನು ಬೇಕಾದಾಗ ಬರಿಸಲು, ಬೇಡವಾದಾಗ ಕಳಿಸಲು ಆಗುತ್ತದೆ ಅಂದರೆ ದಾರಿ ಸರಿಯಿದೆ ಅಂತ ಲೆಕ್ಕ. ಈಗ 850 ವ್ಯಾಟಿನ ಎಸ್‌ಎಂಪಿಎಸ್ ತರಿಸಲು ಹೇಳಿದೆ.

ಕೇಬಲಿನ ವಿಷಯ

ಹೊಸ ಎಸ್‌ಎಂಪಿಎಸ್ ಹಾಕುವಾಗ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಸಹಾಯಕ್ಕೆ ಅಂಗಡಿಯ ಹುಡುಗ ಬಂದಿದ್ದ. ಕೈ ಚುರುಕು. ಹಳೇ ಎಸ್‌ಎಂಪಿಎಸ್ ಮಾಡ್ಯುಲರ್, ಅಂದರೆ ಕೇಬಲುಗಳನ್ನು ಎರಡೂ ತುದಿಯಲ್ಲಿ ಬಿಚ್ಚಬಹುದು. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಆ ಕೇಬಲುಗಳನ್ನೆಲ್ಲ ಚಂದವಾಗಿ ಟೈ ಹಾಕಿ ಕಟ್ಟಿದ್ದರು. ಹುಡುಗ ಅದನ್ನು ನೋಡಿ, "ಸರ್, ಡಿಸ್ಕಿಂದು ಹಳೇ ಕೇಬಲ್ಲೇ ಇರ್ಲಿ. ಪಿನ್ ಸರಿಯಾಗಿ ಕೂರುತ್ತೆ" ಅಂತ ತುದಿಯನ್ನು ಹೊಸದಕ್ಕೆ ತೂರಿಸಲು ಹೊರಟ.

ಕೂರುತ್ತದೆ, ನಿಜ. ಅದೇ ಅಪಾಯ. ಡಿಸ್ಕಿನ ಕಡೆಯ ತುದಿಗೆ ಒಂದೇ ನಿಯಮ, ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವೇ ಇಲ್ಲ. ಒಬ್ಬರು 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು 5 ವೋಲ್ಟ್ ಇಟ್ಟಿರುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. 5 ವೋಲ್ಟ್ ಬೇಕಾದ ಡಿಸ್ಕಿಗೆ 12 ಹೋದರೆ ಆ ಕ್ಷಣವೇ ಅದರ ಕತೆ ಮುಗಿಯಿತು. ಆ ಡಿಸ್ಕುಗಳಲ್ಲಿ ಇನ್ನೂ ಗಿರಾಕಿಗಳಿಗೆ ಕೊಡದ ಮದುವೆ ವಿಡಿಯೋಗಳಿದ್ದವು. ಹುಡುಗನಿಗೆ ಮಲ್ಟಿಮೀಟರ್ ಕೊಟ್ಟು ಎರಡೂ ಕೇಬಲಿನ ಪಿನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡು ಅಂದೆ. ನೋಡಿದ. ಹೊಂದಲಿಲ್ಲ. ಕಟ್ಟಿದ ಟೈಗಳನ್ನೆಲ್ಲ ಅವನೇ ಕತ್ತರಿಸಿ ಹೊಸ ಕೇಬಲ್ ಎಳೆದ.

ಹೊಸ ಎಸ್‌ಎಂಪಿಎಸ್ ಕೂತಿತು. ಪವರ್ ಲಿಮಿಟ್ ತೆಗೆದು 100 ಪರ್ಸೆಂಟಿನಲ್ಲಿ ಓಡಿಸಿದೆವು. ರಾತ್ರಿಯಿಡೀ ಎಕ್ಸ್‌ಪೋರ್ಟ್ ಆಯಿತು. ಎಲ್ಲರಿಗೂ ಖುಷಿ.

"ಸರ್, ಮತ್ತೆ ಆಫ್ ಆಯ್ತು"

ಮರುದಿನ ಸಂಜೆಯೇ ಫೋನ್ ಬಂತು. ಮಾಲೀಕರ ದನಿಯಲ್ಲಿ ಬೇಸರ ಇತ್ತು. ಹೊಸದನ್ನು ವಾಪಸ್ ಮಾಡಿ, ಕಾರ್ಡನ್ನೂ ಮಾರಿಬಿಡುತ್ತೇನೆ ಅಂದರು. ಅಂಗಡಿಯವರು ಅಷ್ಟರಲ್ಲೇ "ಮೈನಿಂಗ್ ಕಾರ್ಡ್ ಅಣ್ಣ, ಅದೇ ಹಾಳಾಗಿರೋದು" ಅಂತ ಹೇಳಿಯೂ ಆಗಿತ್ತು.

ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಮದ್ದು ಕೊಟ್ಟ ಮೇಲೂ ಅದೇ ಲಕ್ಷಣ ಕಂಡರೆ "ಮದ್ದು ತಪ್ಪು" ಅನ್ನಿಸುವುದು ಸಹಜ. ಆದರೆ ಅದೇ ಲಕ್ಷಣವೇ ಅಂತ ಮೊದಲು ಕೇಳಬೇಕು. ಮತ್ತೆ ಅದೇ ಪ್ರಶ್ನೆ ಹಾಕಿದೆ. ಹೇಗೆ ಆನ್ ಆಯಿತು? "ತಾನೇ ಆನ್ ಆಯ್ತು ಸರ್. ಫಕ್ಕನೆ ಹೋಗಿ ಫಕ್ಕನೆ ಬಂತು." ಮಾನಿಟರ್? "ಅದೂ ಒಂದ್ಸಲ ಕಣ್ಣು ಮುಚ್ಚಿ ತೆಗೀತು."

ಹಿಂದಿನದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಮಾನಿಟರ್ ಉಳಿದಿತ್ತು, ಸಿಸ್ಟಮ್ ಬಿದ್ದೇ ಇತ್ತು. ಇಲ್ಲಿ ಎರಡೂ ಹೋಗಿ ಎರಡೂ ಬಂದಿವೆ. ಮನೆಯಿಂದ ರಿಮೋಟ್‌ನಲ್ಲಿ ಕೆಲಸ ಮಾಡಲೆಂದು, ಕರೆಂಟ್ ಬಂದ ಕೂಡಲೇ ಸಿಸ್ಟಮ್ ತಾನೇ ಆನ್ ಆಗುವಂತೆ ಮಾಲೀಕರು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್) ಮೊದಲೇ ಸೆಟ್ ಮಾಡಿಟ್ಟಿದ್ದರು. ಹಾಗಾಗಿ ತಾನಾಗೇ ಎದ್ದಿದೆ. ಅಂದರೆ ಈ ಸಲ ಗೋಡೆಯ ಕರೆಂಟೇ ಒಂದು ಕ್ಷಣ ಇರಲಿಲ್ಲ.

ಇದು ಹೊಸ ತೊಂದರೆಯೋ, ಮೊದಲಿಂದ ಇದ್ದದ್ದೋ? ನಡೆದದ್ದರ ದಾಖಲೆ (ಲಾಗ್) ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರ್ ಅದನ್ನು ಹೇಳಿತು. ಅಲ್ಲಿ ಎಲ್ಲರೂ ನೋಡುವುದು ಕರ್ನಲ್ ಪವರ್ 41 ಅನ್ನುವ ಕೆಂಪು ಸಾಲನ್ನು. ನೋಡಿ ಗಾಬರಿಯಾಗುತ್ತಾರೆ. ಅದರಲ್ಲಿ ಏನೂ ಇಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ, ಮತ್ತೆ ಆನ್ ಆದಾಗ ವಿಂಡೋಸ್ ಬರೆದುಕೊಳ್ಳುವ ಟಿಪ್ಪಣಿ ಅದು. ಅದರೊಳಗಿನ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಕಾರಣ ಹೇಳುವ ಸಂಖ್ಯೆ) ಸೊನ್ನೆ ಇದ್ದರೆ ನೀಲಿ ಪರದೆಯೂ ದಾಖಲಾಗಿಲ್ಲ ಅಂತ ಅರ್ಥ. ಅದರ ಹತ್ತಿರವೇ 6008 ಅನ್ನುವ ಇನ್ನೊಂದು ಸಾಲು ಇರುತ್ತದೆ. ಸಿಸ್ಟಮ್ ಸರಿಸುಮಾರು ಎಷ್ಟು ಗಂಟೆಗೆ ಬಿತ್ತು ಅನ್ನುವುದು ಅದರೊಳಗೆ ಬರೆದಿರುತ್ತದೆ.

ಈಗ ಈ ಎರಡು ಸಮಯಗಳನ್ನು ಪಕ್ಕಪಕ್ಕ ಇಟ್ಟೆ. ಬಿದ್ದ ಸಮಯ, ಎದ್ದ ಸಮಯ. ಕೆಲವು ಕಡೆ ಮಧ್ಯೆ ಹತ್ತು ನಿಮಿಷ, ಅರ್ಧ ಗಂಟೆ, ಒಮ್ಮೆ ಇಡೀ ರಾತ್ರಿ. ಇವು ಎಸ್‌ಎಂಪಿಎಸ್ ಬಾಗಿಲು ಹಾಕಿಕೊಂಡವು, ಯಾರೋ ಬಂದು ಹಿಂದಿನ ಸ್ವಿಚ್ ಮುಟ್ಟುವ ತನಕ ಸತ್ತು ಬಿದ್ದವು. ಇನ್ನು ಕೆಲವು ಕಡೆ ಬಿದ್ದು ಎದ್ದದ್ದು ಹೆಚ್ಚೂ ಕಡಿಮೆ ಒಟ್ಟಿಗೇ. ಇವು ಎರಡನೇ ಜಾತಿ. ಮೊದಲ ಜಾತಿ ಕಾರ್ಡ್ ಹಾಕಿದ ರಾತ್ರಿ ಶುರುವಾಗಿ, ಹೊಸ ಎಸ್‌ಎಂಪಿಎಸ್ ಬಂದ ದಿನ ನಿಂತಿದೆ. ಎರಡನೇ ಜಾತಿ ಕೆಲವು ದಿನ ತಡವಾಗಿ, ಯುಪಿಎಸ್ ತೆಗೆದ ಮೇಲೆ ಶುರುವಾಗಿದೆ. ವಿಂಡೋಸ್ ಮತ್ತೆ ಹಾಕಿದ್ದರಿಂದ ಅದಕ್ಕೂ ಹಿಂದಿನ ಲಾಗ್ ಅಳಿಸಿ ಹೋಗಬೇಕಿತ್ತು. ಹಳೇ ಡ್ರೈವಿನ ಒಂದು ಕಾಪಿ ಮಾಲೀಕರ ಹತ್ತಿರ ಇದ್ದದ್ದು ನಮ್ಮ ಪುಣ್ಯ. ಕಾರಣ ಗೊತ್ತಾಗುವ ಮುಂಚೆ ವಿಂಡೋಸ್ ಫಾರ್ಮ್ಯಾಟ್ ಮಾಡುವವರ ಮೇಲೆ ನನಗಿರುವ ಸಿಟ್ಟಿಗೆ ಇದೂ ಒಂದು ಕಾರಣ.

ಈ ಪಟ್ಟಿ ತೋರಿಸಿದಾಗ ಮಾಲೀಕರಿಗೆ ಒಂದು ಮಾತು ನೆನಪಾಯಿತು. "ಮುಂಚೆ ಯುಪಿಎಸ್ ಇದ್ದಾಗ ಅದು ಸುಮ್ನೆ ಟಕ್ ಟಕ್ ಅಂತಿತ್ತು ಸರ್. ಕರೆಂಟ್ ಇದ್ದಾಗ್ಲೂ. ಬ್ಯಾಟರಿ ಹೋಗಿದೆ ಅಂದ್ಕೊಂಡಿದ್ದೆ." ಎರಡು ವರ್ಷ ತೊಂದರೆ ಇರಲಿಲ್ಲ ಅಂದರಲ್ಲ, ತೊಂದರೆ ಇತ್ತು. ಪಾಪ, ಆ ಪುಟ್ಟ ಯುಪಿಎಸ್ ಪ್ರತಿ ಸಲವೂ ಬ್ಯಾಟರಿಗೆ ಹೋಗಿ ಬಂದು ಅದನ್ನು ಮುಚ್ಚಿಡುತ್ತಿತ್ತು.

ಗಿರಣಿಯ ಮೇಲೆ ಅನುಮಾನ

ಎರಡನೇ ಜಾತಿಯ ಸಮಯಗಳೆಲ್ಲ ಬೆಳಿಗ್ಗೆ ಮತ್ತು ಸಂಜೆ. ಗಿರಣಿ ಓಡುವ ಹೊತ್ತು. ಎಲ್ಲರೂ ಒಟ್ಟಿಗೇ ಬೆರಳು ತೋರಿಸಿದರು: ಮೋಟರ್ ಶುರುವಾದಾಗ ವೋಲ್ಟೇಜ್ ಬೀಳುತ್ತದೆ, ಅದಕ್ಕೇ. ಸ್ಟೆಬಿಲೈಸರ್ ಹಾಕಿ ಅಂತ ಸಲಹೆ ಬಂತು.

ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಅಳೆದು ನೋಡಿದೆ. ಗಿರಣಿಯದು 10 ಎಚ್‌ಪಿಯ ತ್ರೀ ಫೇಸ್ ಮೋಟರ್. ನೇರವಾಗಿ ಶುರು ಮಾಡಿದರೆ ಇಂಥ ಮೋಟರ್ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಗಿರಣಿಯವರು ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕಿಸಿದ್ದರು, ಅದರಲ್ಲಿ ಈ ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೋಟರ್ ಶುರುವಾದಾಗ ನಮ್ಮ ಬೋರ್ಡಿನಲ್ಲಿ 226 ಇದ್ದದ್ದು 211ಕ್ಕೆ ಬಂದು ಮತ್ತೆ ಏರಿತು. ಎಸ್‌ಎಂಪಿಎಸ್‌ನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದೆ. 211 ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನೂ ಒಂದು ಸಂಗತಿ ಇತ್ತು. ಸಿಸ್ಟಮ್ ಬೀಳುತ್ತಿದ್ದದ್ದು ಮೋಟರ್ ಶುರುವಾಗುವಾಗ ಅಲ್ಲ. ಚೆನ್ನಾಗಿ ಓಡುತ್ತಿರುವಾಗ. ಅದರಲ್ಲೂ ಖಾರ ಕುಟ್ಟುವ ಮಷಿನ್ ಹಾಕಿದಾಗ. ಅದು ಬೇಸಿಗೆ, ಊರಿನವರೆಲ್ಲ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತಂದು ಪುಡಿ ಮಾಡಿಸುವ ಕಾಲ. ಸ್ಟುಡಿಯೋದಲ್ಲಿ ಕೂತರೆ ಗಂಟಲು ಕೆರೆತ, ಸೀನು. ಮೇಜಿನ ಮೇಲೆ ಕೈಯಿಟ್ಟರೆ ನಡುಕ ಗೊತ್ತಾಗುತ್ತಿತ್ತು.

ಅದೇ ಹೊತ್ತಿಗೆ ಕ್ಯಾಬಿನೆಟ್ ಮುಟ್ಟಿದೆ. ಜುಮ್ ಅಂತು. ಟೆಸ್ಟರ್ ಇಟ್ಟರೆ ಮಂಕಾಗಿ ಹೊಳೆಯಿತು. ಸಾಕೆಟ್ಟಿನಲ್ಲಿ ಅರ್ಥಿಂಗ್ ತೂತು ಇತ್ತು, ಹಿಂದೆ ವೈರ್ ಇರಲಿಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ಥಿಗೆ ಸೇರಿರುತ್ತವೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹಕ್ಕೆ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಹಾಗೆ ಬಿಡುವಂಥದ್ದಲ್ಲ. ನೋಡಿದ ಕೆಲವರು "ಇದೇ ಕಾರಣ" ಅಂದರು. ನನ್ನ ಅಭಿಪ್ರಾಯ ಬೇರೆ. ಅರ್ಥಿಂಗ್ ಇಲ್ಲ ಅಂತ ಮಾನಿಟರೂ ಸಿಸ್ಟಮೂ ಒಟ್ಟಿಗೇ ಕಣ್ಣು ಮುಚ್ಚಿ ತೆಗೆಯುವುದಿಲ್ಲ. ಅರ್ಥಿಂಗ್ ಮಾಡಿಸಬೇಕಾದ್ದು ಜೀವದ ರಕ್ಷಣೆಗೆ. ಅದನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟೆ.

ಎರಡು ಬಲ್ಬು

ಮಲ್ಟಿಮೀಟರ್ ನಿಧಾನಿ. ಕ್ಷಣಾರ್ಧದಲ್ಲಿ ಹೋಗಿ ಬರುವ ಕರೆಂಟ್ ಅದಕ್ಕೆ ಕಾಣುವುದಿಲ್ಲ. ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಕರೆಂಟಿನಲ್ಲಿ ಪೂರ್ತಿ ಲೋಡಿನಲ್ಲಿ ತಡೆದುಕೊಳ್ಳುವುದು 16 ಮಿಲಿಸೆಕೆಂಡಿನ ಆಸುಪಾಸು ಮಾತ್ರ. ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕರೆಂಟ್ ತಪ್ಪಿದರೆ ಸಿಸ್ಟಮ್ ಬೀಳುತ್ತದೆ, ಮೀಟರಿನಲ್ಲಿ ಅಂಕಿ ಬದಲಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ವಯಸ್ಸಾದವರು, ಮಾತು ಕಡಿಮೆ. ಅವರ ಚೀಲದಲ್ಲಿ ಟೆಸ್ಟ್ ಲ್ಯಾಂಪ್ ಇತ್ತು: ಹೋಲ್ಡರಿನಲ್ಲಿ ಹಳೇ ಕಾಲದ 100 ವ್ಯಾಟಿನ ತಂತಿ ಬಲ್ಬು, ಎರಡು ವೈರು. ಅಂಥದ್ದೇ ಇನ್ನೊಂದನ್ನು ಕೆಳಗಿನ ಗಿರಣಿಯಿಂದ ತಂದೆವು. ಒಂದನ್ನು ಸಿಸ್ಟಮ್ ಇದ್ದ ಬೋರ್ಡಿಗೆ, ಇನ್ನೊಂದನ್ನು ಅದೇ ಕೋಣೆಯ ಬಾಗಿಲ ಪಕ್ಕದ ಬೋರ್ಡಿಗೆ ಹಾಕಿದೆವು. ಸಿಸ್ಟಮನ್ನು ಎಕ್ಸ್‌ಪೋರ್ಟಿಗೆ ಬಿಟ್ಟು ಕಾಯುತ್ತ ಕೂತೆವು.

ಕೆಳಗೆ ಖಾರದ ಮಷಿನ್ ಶುರುವಾಯಿತು. ಶುರುವಾದಾಗ ಎರಡೂ ಬಲ್ಬು ಒಂದಿಷ್ಟು ಮಂಕಾಗಿ ಮತ್ತೆ ಸರಿಯಾದವು. ಅದು ಮೋಟರಿನ ಎಳೆತ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಇದ್ದಕ್ಕಿದ್ದಂತೆ ಸಿಸ್ಟಮ್ ಪಕ್ಕದ ಬಲ್ಬು ಮಾತ್ರ ಪಟಪಟ ಅಂತು. ಬಾಗಿಲ ಪಕ್ಕದ್ದು ಹಾಗೇ ಉರಿಯುತ್ತಿತ್ತು. ತಲೆ ಮೇಲಿನ ಫ್ಯಾನೂ ನಿಧಾನವಾಗಲಿಲ್ಲ. ಎಲೆಕ್ಟ್ರಿಷಿಯನ್ ಎದ್ದು ಹೋಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಬೋರ್ಡಿನ ಮೂಲೆಗೆ ಮೆಲ್ಲಗೆ ಕುಟ್ಟಿದರು. ಬಲ್ಬು ಮತ್ತೆ ಪಟಪಟ. ಮಾನಿಟರ್ ಕಪ್ಪಾಗಿ ಬಂತು. ಸಿಸ್ಟಮ್ ಬಿದ್ದು ಎದ್ದಿತು.

ಮೀಟರ್ ಹತ್ತಿರದ ಮೇನ್ ಸ್ವಿಚ್ ತೆಗೆದು, ಟೆಸ್ಟರಿನಲ್ಲಿ ನೋಡಿ, ಬೋರ್ಡ್ ಬಿಚ್ಚಿದರು. ಕಟ್ಟಡದ ಹಳೇ ವೈರಿಂಗ್ ಅಲ್ಯೂಮಿನಿಯಂನದು. ಸಾಕೆಟ್ಟಿನ ನ್ಯೂಟ್ರಲ್ ಸ್ಕ್ರೂ ಕೆಳಗೆ ಎರಡು ವೈರ್ ಹೊಸೆದು ಹಾಕಿದ್ದರು. ಸ್ಕ್ರೂ ಅರ್ಧ ಸುತ್ತು ಸಡಿಲ. ತಂತಿಯ ತುದಿ ಕಪ್ಪು. ಅದರ ಪ್ಲಾಸ್ಟಿಕ್ ಕಂದಾಗಿ, ಬೆರಳಿನಿಂದ ಬಗ್ಗಿಸಿದರೆ ಚೂರಾಗಿ ಉದುರಿತು. "ಇದು ಅಲ್ಯೂಮಿನಿಯಂ ಸಾರ್. ಆಗಾಗ ಟೈಟ್ ಮಾಡ್ತಾ ಇರ್ಬೇಕು. ಯಾರ್ ಮಾಡ್ತಾರೆ?" ಅಂದರು.

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಹರಡಿಕೊಂಡು ಹಿಡಿತ ಬಿಡುತ್ತದೆ. ಮೇಲೆ ಕರೆಂಟ್ ಸಾಗಿಸದ ಆಕ್ಸೈಡ್ ಪದರ ಕಟ್ಟುತ್ತದೆ. ಆಗ ಜಾಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಸಡಿಲ. ಇಲ್ಲಿ ಅದರ ಮೇಲೆ ವರ್ಷಗಟ್ಟಲೆ ಗಿರಣಿಯ ನಡುಕ. ಅಂದರೆ ಗಿರಣಿಯ ಮೇಲಿನ ಅನುಮಾನ ಪೂರ್ತಿ ಸುಳ್ಳಲ್ಲ. ತಪ್ಪು ವೋಲ್ಟೇಜಿನದಲ್ಲ, ಕಂಪನದ್ದು. ಸ್ಟೆಬಿಲೈಸರ್ ಹಾಕಿದ್ದರೆ ದುಡ್ಡು ಹೋಗುತ್ತಿತ್ತು, ಸ್ಕ್ರೂ ಹಾಗೇ ಸುಡುತ್ತಿತ್ತು. ದೊಡ್ಡ ಕಾರ್ಡ್ ಬಂದ ಮೇಲೆ ಆ ಸಡಿಲ ಜಾಗದಲ್ಲಿ ಹರಿಯುವ ಕರೆಂಟೂ ಜಾಸ್ತಿಯಾಗಿತ್ತು. ಇನ್ನೊಂದು ಬೇಸಿಗೆ ಕಳೆದಿದ್ದರೆ ಕಂಪ್ಯೂಟರ್ ಆಫ್ ಆಗುವುದಕ್ಕಿಂತ ದೊಡ್ಡ ಸುದ್ದಿ ಆಗುತ್ತಿತ್ತೇನೋ. ಸಡಿಲವಾದದ್ದು ಒಂದು ಸಾಕೆಟ್ಟಿನ ನ್ಯೂಟ್ರಲ್ ಅನ್ನುವುದೂ ಅದೃಷ್ಟವೇ. ತ್ರೀ ಫೇಸ್ ಕಟ್ಟಡಕ್ಕೆ ಬರುವ ಮೇನ್ ನ್ಯೂಟ್ರಲ್ ಕಿತ್ತುಹೋದರೆ ಕೆಲವು ಸಾಕೆಟ್ಟಿಗೆ 230ರ ಬದಲು 400ರ ಹತ್ತಿರ ಬರುತ್ತದೆ.

ಮೀಟರ್ ಬೋರ್ಡಿನಿಂದ ಸಿಸ್ಟಮಿಗೆ ಬೇರೆಯೇ ಲೈನ್ ಎಳೆಸಿದೆವು. 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ, ಹೊಸ ಸಾಕೆಟ್, ಅರ್ಥ್ ವೈರ್ ಸಮೇತ. ಬೇರೆ ಚೀಟಿಯ ಕೆಲಸವೂ ಆಯಿತು. ಹೊಸ ಬೋರ್ಡನ್ನು ನಡುಗುವ ಗೋಡೆ ಬಿಟ್ಟು ಎದುರು ಗೋಡೆಗೆ ಹಾಕಿದರು, ಅದು ಎಲೆಕ್ಟ್ರಿಷಿಯನ್ನರದೇ ಯೋಚನೆ.

ಆಮೇಲೆ, ಮತ್ತು ಕಲಿತದ್ದು

ಮದುವೆ ಸೀಸನ್ ಪೂರ್ತಿ ಆ ಸಿಸ್ಟಮ್ ಎಡೆಬಿಡದೆ ಓಡಿತು. "ಹಾಳಾದ" ಮೈನಿಂಗ್ ಕಾರ್ಡ್ ಈಗಲೂ ಅದರಲ್ಲೇ ಇದೆ. ಹಳೇ 650ರ ಎಸ್‌ಎಂಪಿಎಸ್ ಕೂಡ ಹಾಳಾಗಿರಲಿಲ್ಲ. ಅದನ್ನು ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕಿದ್ದಾರೆ, ಅದರ ಸ್ವಂತ ಕೇಬಲುಗಳ ಜೊತೆಗೆ.

ಹಿಂತಿರುಗಿ ನೋಡಿದರೆ, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮಾಲೀಕರ ಎರಡು ಉತ್ತರಗಳು. ಈಗ ಯಾರೇ ಇಂಥ ದೂರು ತಂದರೂ ಕ್ಯಾಬಿನೆಟ್ ಬಿಚ್ಚುವ ಮುಂಚೆ ಕೇಳುತ್ತೇನೆ: ಮಾನಿಟರ್ ಉಳಿಯಿತಾ? ತಾನಾಗಿ ಎದ್ದಿತಾ, ಬಟನ್ನಿಗೆ ಎದ್ದಿತಾ, ಹಿಂದಿನ ಸ್ವಿಚ್ ಮುಟ್ಟಬೇಕಾಯಿತಾ? ಕೋಣೆಯ ಫ್ಯಾನ್ ಏನಾಯಿತು? ಅಂಗಡಿಯಲ್ಲಿ ಸರಿ ಇದ್ದು ಮನೆಯಲ್ಲಿ ಕೈಕೊಡುವ ಸಿಸ್ಟಮನ್ನು ಮನೆಯಲ್ಲೇ ನೋಡಬೇಕು. ಪರೀಕ್ಷೆಯನ್ನೂ ಗಿರಾಕಿ ನಿಜಕ್ಕೂ ಮಾಡುವ ಕೆಲಸದಿಂದಲೇ ಮಾಡಬೇಕು. ಇನ್ನು ಎಸ್‌ಎಂಪಿಎಸ್ಸನ್ನು ಬಿಚ್ಚಿ ನೋಡುವ ಚಟ ಇರುವವರಿಗೆ ಒಂದು ಮಾತು. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಈ ಪ್ರಕರಣದಲ್ಲಿ ಅದನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ, ಗೋಡೆಯ ಬೋರ್ಡನ್ನೂ ಎಲೆಕ್ಟ್ರಿಷಿಯನ್ನೇ ಬಿಚ್ಚಿದರು.

ಮಳೆ ಶುರುವಾದ ಮೇಲೆ ಮಾಲೀಕರ ಫೋನ್ ಮತ್ತೆ ಬಂತು. ಸಿಸ್ಟಮ್ ಆಫ್ ಆಗಿತ್ತು, ಲಾಗಿನಲ್ಲಿ 41 ಬಂದಿತ್ತು. "ಗಾಬರಿ ಏನಿಲ್ಲ ಸರ್, ಮಾನಿಟರೂ ಹೋಯ್ತು, ಫ್ಯಾನೂ ಹೋಯ್ತು, ಬೀದಿ ಪೂರ್ತಿ ಹೋಯ್ತು" ಅಂದರು. ಅವರಿಗೆ ಕೇಳಬೇಕಿದ್ದದ್ದು ಯುಪಿಎಸ್ ಬಗ್ಗೆ. ಮಾನಿಟರ್ ಸೇರಿ 530 ವ್ಯಾಟ್ ಆಸುಪಾಸು ಲೋಡ್, ಆದ್ದರಿಂದ ವಿಎ ನೋಡಬೇಡಿ, ವ್ಯಾಟ್ ನೋಡಿ, 800ಕ್ಕೆ ಕಡಿಮೆ ಬೇಡ ಅಂದೆ. ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ, ಗೋಡೆಯ ಕರೆಂಟನ್ನು ಅದರ ಅಲೆಯ ಆಕಾರಕ್ಕೆ ತಕ್ಕಂತೆ ಎಳೆಯುವ ಆಕ್ಟಿವ್ ಪಿಎಫ್‌ಸಿ ಸರ್ಕ್ಯೂಟ್ ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವ ಮೆಟ್ಟಿಲು ಆಕಾರದ ಅಲೆ ಕೆಲವಕ್ಕೆ ಒಗ್ಗುವುದಿಲ್ಲ, ಹಾಗಾಗಿ ಗೋಡೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಅಂತ ಕೇಳಿ ತಗೊಳ್ಳಿ ಅಂತಲೂ ಹೇಳಿದೆ. ಹಾಗೇ ತಂದಿದ್ದಾರೆ. ಹಳೇ 600 ವಿಎಯದು ಈಗ ರೂಟರ್ ಮತ್ತು ಸಿಸಿಟಿವಿ ಡಬ್ಬಿಗೆ ಕರೆಂಟ್ ಕೊಡುತ್ತಿದೆ.